ಕುಶಾಲನಗರದಿಂದ ವೈಟ್‌ಫೀಲ್ಡ್‌ಗೆ: ಕಾರು ಬಿಟ್ಟು ರೈಲು ಹಿಡಿದರೆ ಹೇಗೆ?

ಕಾವೇರಿತೀರ:
ಆಫೀಸಿಗೆ ಇನ್ಮೇಲೆ ಸೋಮವಾರ, ಮಂಗಳವಾರ ಬರಲೇಬೇಕಂತೆ. ಎಕ್ಸ್‌ಪ್ರೆಸ್‌ವೇನಲ್ಲಿ ಕೆಂಗೇರಿ ತನಕ ಆರಾಮ, ಅಲ್ಲಿಂದಾಚೆ ಟ್ರಾಫಿಕ್ ಸಾಕುಬೇಕು ಮಾಡುತ್ತೆ. ಕೊಡಗಿಗೆ ರೈಲಿಲ್ಲ, ಗೊತ್ತು. ಮೈಸೂರು ಸ್ಟೇಷನ್‌ನಲ್ಲಿ ಕಾರು ನಿಲ್ಲಿಸಿ ಹೋದರೆ ಸರಿಬರುತ್ತಾ? ಪಾಸ್ ಮಾಡಿಸಬಹುದಾ?

ಹಳಿಮೇಲೆ:
ಮೈಸೂರು–ಬೆಂಗಳೂರು 138 ಕಿ.ಮೀ. ಮಾಸಿಕ ಪಾಸ್ 150 ಕಿ.ಮೀ. ತನಕ ಸಿಗುತ್ತೆ. ಆದರೆ ಅದು ರಿಸರ್ವೇಷನ್ ಬೋಗಿಗೆ ನಡೆಯಲ್ಲ. ಸೆಕೆಂಡ್ ಸಿಟ್ಟಿಂಗ್ (ಸೀಟು ಕಾದಿರಿಸುವ ಸಾದಾ ಬೋಗಿ) ಬುಕ್ ಮಾಡಿ. 60 ದಿನ ಮೊದಲೇ ತೆರೆಯುತ್ತೆ, ಸೋಮವಾರಗಳನ್ನೆಲ್ಲ ಒಟ್ಟಿಗೆ ಹಾಕಿಬಿಡಿ. ಆನ್‌ಲೈನ್ ವೇಟಿಂಗ್ ಟಿಕೆಟ್ ಚಾರ್ಟ್ ಆದಮೇಲೂ ವೇಟಿಂಗಲ್ಲೇ ಉಳಿದರೆ ತಾನಾಗೇ ರದ್ದು. ಅದನ್ನಿಟ್ಟುಕೊಂಡು ಹತ್ತಿದರೆ ಟಿಕೆಟ್ ಇಲ್ಲದ ಲೆಕ್ಕ.

ಆಗ ರೈಲ್ವೆಯ ರೈಲ್‌ಒನ್ ಆ್ಯಪಿನಲ್ಲಿ ಜನರಲ್ ಟಿಕೆಟ್ ತೆಗೆಯಿರಿ. ಆದರೆ ಮನೆಯಿಂದ ಹೊರಡುವಾಗಲೇ ಬೇಡ: ಟಿಕೆಟ್ ತೆಗೆದ ಮೂರು ಗಂಟೆಯೊಳಗೆ ರೈಲು ಹತ್ತಿರಬೇಕು, ಮೈಸೂರಿಗೇ ಎರಡು ಗಂಟೆ ಬೇಕು. ಸ್ಟೇಷನ್ ಒಳಗೆ ಹೋದಮೇಲೆ ಆ್ಯಪ್ ಟಿಕೆಟ್ ಕೊಡಲ್ಲ. ಮೈಸೂರಿನ ಅಂಚಿನ ಹಿನಕಲ್ ಹತ್ತಿರ ಗಾಡಿ ನಿಲ್ಲಿಸಿ ತೆಗೆದರೆ ಸರಿಹೋಗುತ್ತೆ. ರೈಲಿನ ನಂಬರ್ 12, 20 ಅಥವಾ 22ರಿಂದ ಶುರುವಾದರೆ ಸೂಪರ್‌ಫಾಸ್ಟ್. ಸಾದಾ ಎಕ್ಸ್‌ಪ್ರೆಸ್ ಟಿಕೆಟ್‌ನಲ್ಲಿ ಹತ್ತಿದರೆ ಟಿಟಿಇ ದಂಡ ಹಾಕ್ತಾರೆ. ಚಾಮುಂಡಿ ಎಕ್ಸ್‌ಪ್ರೆಸ್ ನಂಬರ್ 16ರಿಂದ ಶುರು, ಆ ತಲೆನೋವಿಲ್ಲ. ರಶ್ಶಿನ ತಲೆನೋವಿದೆ, ಮಂಡ್ಯ, ಮದ್ದೂರಲ್ಲಿ ತುಂಬಿಹೋಗುತ್ತೆ.

ನೇರಳೆಮಾರ್ಗ:
ಟ್ರಾಫಿಕ್ ಅಂತ ಕೆಂಗೇರಿಯಲ್ಲಿ ಇಳಿಯಬೇಡಿ, ಎಲ್ಲ ರೈಲೂ ಅಲ್ಲಿ ನಿಲ್ಲೋದೂ ಇಲ್ಲ. ಸಿಟಿ ಸ್ಟೇಷನ್ ತನಕ ಬನ್ನಿ. ಪಕ್ಕದಲ್ಲೇ ಸಂಗೊಳ್ಳಿ ರಾಯಣ್ಣ ಮೆಟ್ರೋ ನಿಲ್ದಾಣ. 2023ರ ಅಕ್ಟೋಬರ್‌ನಿಂದ ವೈಟ್‌ಫೀಲ್ಡ್ ತನಕ ಒಂದೇ ಮೆಟ್ರೋ, ಎಲ್ಲೂ ಬದಲಿಸಬೇಕಿಲ್ಲ, ಒಂದು ಗಂಟೆ ಹತ್ತಿರ ಹಿಡಿಯುತ್ತೆ. ಮೆಜೆಸ್ಟಿಕ್ ಮುಂದಿನ ಸ್ಟಾಪ್. ಅಲ್ಲಿಗೆ ನಡೆದುಹೋಗಿ ಹತ್ತಿದರೆ ಹಸಿರು ಮಾರ್ಗದಿಂದ ಬಂದವರ ಜೊತೆ ನೂಕಾಡಬೇಕು. ಇಲ್ಲೇ ಹತ್ತಿ ಒಳಗೆ ನಿಂತಿದ್ದರೆ ಅಲ್ಲಿ ಇಳಿಯುವವರ ಸೀಟು ಸಿಗಬಹುದು. ಟಿಕೆಟ್ ಮೊಬೈಲಲ್ಲೇ ತೆಗೆದಿಟ್ಟುಕೊಳ್ಳಿ, ಸೋಮವಾರ ಕೌಂಟರ್ ಕ್ಯೂ ನೋಡೋಕಾಗಲ್ಲ.

ತಿತಿಮತಿ:
ಹೋಗೋದು ಸರಿ, ವಾಪಸ್ ಬರೋದನ್ನ ಯಾರೂ ಹೇಳ್ತಿಲ್ಲ. ಮಂಗಳವಾರ ಆಫೀಸ್ ಮುಗಿಸಿ ರೈಲು ಹಿಡಿದರೆ ಮೈಸೂರಲ್ಲಿ ನಡುರಾತ್ರಿ, ಆಮೇಲೆ ನಿದ್ದೆಗಣ್ಣಲ್ಲಿ 90 ಕಿ.ಮೀ. ಡ್ರೈವಿಂಗ್. ಗೋಣಿಕೊಪ್ಪ ಕಡೆಯವರಿಗಂತೂ ಆನೆಚೌಕೂರು ಕಾಡುದಾರಿ ಬೇರೆ. ಕಾರನ್ನು ಊರಲ್ಲೇ ಬಿಡಿ ಸರ್. ವಾಪಸ್ ಬರುವಾಗ ಅದೇ ಮೆಟ್ರೋದಲ್ಲಿ ದೀಪಾಂಜಲಿನಗರಕ್ಕೆ ಬಂದು ಇಳಿಯಿರಿ, ಸ್ಯಾಟಲೈಟ್ ಬಸ್ ಸ್ಟ್ಯಾಂಡ್ ಹತ್ತಿರವೇ. ಮಡಿಕೇರಿ ಬಸ್ಸಲ್ಲಿ ಮಲಗಿಬಿಡಿ.

ಹೋಗುವಾಗ ಭಾನುವಾರ ಮಧ್ಯಾಹ್ನದ ಬಸ್, ಸಂಜೆ ರೈಲು. ಮೈಸೂರಲ್ಲಿ ಬಸ್ ಮೆಟ್ರೋಪೋಲ್ ಸರ್ಕಲ್ ಮೇಲೆ ಹೋಗುತ್ತಾ ಅಂತ ಕಂಡಕ್ಟರನ್ನ ಕೇಳಿ. ಹೋಗೋದಾದರೆ ಅಲ್ಲೇ ಇಳಿಯಿರಿ, ಸ್ಟೇಷನ್ನಿಗೆ ನಡೆದೇ ಹೋಗಬಹುದು. ಬಸ್ ಸ್ಟ್ಯಾಂಡಿಗೆ ಹೋದರೆ ಆಟೋದಲ್ಲಿ ವಾಪಸ್ ಬರಬೇಕು.