ಮೂಲನಿವಾಸಿ ಸಮುದಾಯಗಳ ಅನುದಾನದ ಅರ್ಜಿಗೆ ಅಂಕ ಹಾಕಲು ಕರೆದರೆ: ಪ್ರಶ್ನೋತ್ತರ

ಪ್ರಶ್ನೆ (ಫೀನಿಕ್ಸ್‌ನ ಸದಸ್ಯೆ): ಅಕ್ಕಾ, ನಮಸ್ಕಾರ. ಹತ್ತು ವರ್ಷದಿಂದ ಇಲ್ಲಿನ ಒಂದು ಸೇವಾಸಂಸ್ಥೆಯಲ್ಲಿ ಲೆಕ್ಕಪತ್ರ, ಅನುದಾನದ ವರದಿ ನೋಡಿಕೊಳ್ತಿದ್ದೀನಿ. ಅಮೆರಿಕದ ಮೂಲನಿವಾಸಿ ಸಮುದಾಯಗಳು ಫೆಡರಲ್ ಸರ್ಕಾರಕ್ಕೆ ಹಾಕುವ ಅರ್ಜಿಗಳನ್ನು ಓದಿ ಅಂಕ ಕೊಡೋಕೆ ಹೊರಗಿನವರನ್ನು ಕರೀತಾರಂತೆ. ನೀವು ಆ ಕೆಲಸ ಮಾಡಿದ್ದೀರಿ ಅಂತ ಹಿಂದೆ ಇದೇ ಗುಂಪಿನಲ್ಲಿ ಬರೆದಿದ್ರಿ. ನನ್ನಂಥವಳು ಹೆಸರು ಕೊಡಬಹುದಾ? ಆ ಜನರ ಬಗ್ಗೆ ಓದಿದ್ದಷ್ಟೇ ಗೊತ್ತು. ನನ್ನ ಒಂದು ತಪ್ಪು ಅಂಕದಿಂದ ಯಾವುದೋ ಊರಿನ ಶಾಲೆ ನಿಂತುಹೋದ್ರೆ ಅನ್ನೋ ಭಯ ಇದೆ.

ಉತ್ತರ (ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯಿಂದ): ಆ ಭಯ ಇರಲಿ. ಅದು ಇರುವವರೇ ಅರ್ಜಿಯನ್ನು ಎರಡನೇ ಸಲ ಓದುತ್ತಾರೆ.

ನೀವು ಹೇಳುತ್ತಿರುವುದು ಅಡ್ಮಿನಿಸ್ಟ್ರೇಷನ್ ಫಾರ್ ನೇಟಿವ್ ಅಮೆರಿಕನ್ಸ್, ಎಲ್ಲರೂ ಎಎನ್‌ಎ ಅನ್ನುವ ಕಚೇರಿಯ ಅನುದಾನದ ಬಗ್ಗೆ. 1974ರ ಕಾನೂನಿನಿಂದ ಬಂದದ್ದು. ಬುಡಕಟ್ಟು ಸರ್ಕಾರಗಳು, ಅಲಾಸ್ಕಾದ ಹಳ್ಳಿಗಳು, ಹವಾಯಿ, ಗುವಾಮ್, ಅಮೆರಿಕನ್ ಸಮೋವಾದ ಮೂಲನಿವಾಸಿಗಳು, ಅವರ ಸಂಸ್ಥೆಗಳು ಅರ್ಜಿ ಹಾಕುತ್ತಾರೆ. ಸ್ವಂತ ಉದ್ಯಮ, ಭಾಷೆ, ಪರಿಸರದ ಕಾಯಿದೆಗಳನ್ನು ತಾವೇ ಜಾರಿ ಮಾಡುವ ಸಾಮರ್ಥ್ಯ, ಹೀಗೆ ಬೇರೆ ಬೇರೆ ವಿಭಾಗ. ಅರ್ಜಿಗಳಿಗೆ ಅಂಕ ಹಾಕುವ ಪ್ಯಾನೆಲ್‌ನವರು ಆ ಕಚೇರಿಯ ನೌಕರರಾಗಿರಬಾರದು, ಆಯ್ಕೆಯಲ್ಲಿ ಮೂಲನಿವಾಸಿಗಳಿಗೇ ಆದ್ಯತೆ ಅಂತ ಕಾನೂನೇ ಹೇಳುತ್ತದೆ. ಈ ಆದ್ಯತೆ ನನಗೆ ಪೂರ್ತಿ ಸರಿ ಅನಿಸುತ್ತದೆ. ನಮ್ಮಂಥ ಹೊರಗಿನವರನ್ನು ಕರೆಯುವುದು ಬಜೆಟ್ ಓದಲು ಬರುತ್ತದೆ, ಯೋಜನೆ ನಡೆಸಿ ಗೊತ್ತಿದೆ ಎಂಬ ಕಾರಣಕ್ಕೆ. ನಿಮಗೆ ಅದು ಬರುತ್ತದೆ, ಹೆಸರು ಕೊಡಿ.

ಕೊನೆಯ ತೀರ್ಮಾನ ನಿಮ್ಮದಲ್ಲ ಅನ್ನೋದೂ ಗೊತ್ತಿರಲಿ. ಪ್ಯಾನೆಲ್ ಅಂಕ ಕೊಟ್ಟು ಅರ್ಜಿಗಳಿಗೆ ಕ್ರಮಾಂಕ ಹಾಕಿ ಶಿಫಾರಸು ಮಾಡುತ್ತದೆ. ಹಣ ಯಾರಿಗೆ ಎಂದು ನಿರ್ಧರಿಸುವುದು ಎಎನ್‌ಎಯ ಕಮಿಷನರ್.

ಪ್ರಶ್ನೆ (ಅದೇ ಸದಸ್ಯೆ): ಬಜೆಟ್ ಅಂದ್ರಲ್ಲ, ಅಲ್ಲಿ ಏನು ನೋಡ್ತೀರಿ?

ಉತ್ತರ: ನಾನು ಓದಿದ ಯಾವ ಅರ್ಜಿಯ ವಿವರವನ್ನೂ ಹೊರಗೆ ಹೇಳುವಂತಿಲ್ಲ, ಗೋಪ್ಯತೆಯ ಪತ್ರಕ್ಕೆ ಸಹಿ ಹಾಕಿದ್ದೇನೆ. ಹಾಗಾಗಿ ಮುಂದೆ ಕೊಡುವ ಉದಾಹರಣೆಗಳೆಲ್ಲ ನಾನೇ ಕಟ್ಟಿದವು.

ಮೊದಲು ಸ್ವಂತ ಪಾಲಿನ ಲೆಕ್ಕ. ಒಟ್ಟು ವೆಚ್ಚದಲ್ಲಿ ಸರ್ಕಾರದ್ದು ನೂರಕ್ಕೆ 80 ಭಾಗ, ಉಳಿದ 20 ಸಮುದಾಯದ್ದು. ವಿನಾಯಿತಿ ಕೇಳಲು ಅವಕಾಶವಿದೆ. ಸರ್ಕಾರದಿಂದ 3,00,000 ಡಾಲರ್ ಕೇಳಿದರೆ ಎಷ್ಟೋ ಜನ ಅದರ 20 ಭಾಗ ಅಂತ 60,000 ಬರೆದುಬಿಡುತ್ತಾರೆ. ಲೆಕ್ಕ ಒಟ್ಟು ಮೊತ್ತದ ಮೇಲೆ, ಅಂದರೆ 3,75,000ದ ಮೇಲೆ. ಪಾಲು 75,000 ಆಗಬೇಕು. ಇದು ಮೋಸವೂ ಅಲ್ಲ, ಅಸಡ್ಡೆಯೂ ಅಲ್ಲ. ಅರ್ಜಿ ಬರೆಯಲು ಬೇರೆ ಆಳಿಲ್ಲದ ಸಣ್ಣ ಕಚೇರಿಯ ತಪ್ಪು. ಕಂಡದ್ದನ್ನು ಹಾಗೆಯೇ ಬರೆಯಿರಿ, ಆದರೆ ಆ ಸಿಟ್ಟಿನಲ್ಲಿ ಮಿಕ್ಕ ಭಾಗಗಳ ಅಂಕಕ್ಕೆ ಕೈ ಹಾಕಬೇಡಿ. ಆ 75,000 ನಗದೇ ಆಗಬೇಕೆಂದೂ ಇಲ್ಲ. ಸಮುದಾಯ ಭವನದ ಬಾಡಿಗೆ, ಹಿರಿಯರು ಸಂಬಳವಿಲ್ಲದೆ ಕೊಡುವ ಗಂಟೆಗಳು, ಎಲ್ಲಕ್ಕೂ ಬೆಲೆ ಕಟ್ಟಿ ತೋರಿಸಬಹುದು.

ಇನ್ನೊಂದು ಪ್ರಯಾಣದ ಖರ್ಚು. ನೈಋತ್ಯ ಅಲಾಸ್ಕಾದ ಬೆಥೆಲ್‌ಗೆ ಹೊರಗಿನಿಂದ ರಸ್ತೆಯೇ ಇಲ್ಲ. ವಿಮಾನ, ಇಲ್ಲವೇ ನದಿಯ ಮಂಜುಗಡ್ಡೆ ಕರಗಿರುವ ಕಾಲದಲ್ಲಿ ಬಾರ್ಜ್ ಎಂಬ ಸರಕು ದೋಣಿ. ಅಂಥ ಕಡೆಯ ಬಜೆಟ್ಟಿನಲ್ಲಿ ವಿಮಾನದ ಟಿಕೆಟ್ಟು, ಇಂಧನದ ಬಾಬ್ತು ಕಂಡು ಫೀನಿಕ್ಸ್‌ನ ಮೇಜಿನಲ್ಲಿ ಕೂತವರು "ದುಂದು" ಅಂತ ಗೀಚಿದರೆ ಅದು ಅನ್ಯಾಯ. ಭಾಷಾ ಯೋಜನೆಯಲ್ಲಿ ಊಟದ ಖರ್ಚೂ ಹಾಗೆಯೇ. ಅಜ್ಜಿ ಮೊಮ್ಮಗುವಿಗೆ ಬಡಿಸುತ್ತಾ "ಇನ್ನೊಂದು ಸ್ವಲ್ಪ ಹಾಕ್ಲಾ" ಅನ್ನುವ ಹೊತ್ತೇ ಅಲ್ಲಿ ಪಾಠ. ಕನ್ನಡ ನಮಗೆ ಬಂದದ್ದೂ ಹಾಗೇ ತಾನೇ.

ಪ್ರಶ್ನೆ (ಮಿನಿಯಾಪೊಲಿಸ್‌ನ ಸದಸ್ಯ): ಮೇಡಂ, ಭಾಷೆಯ ಅರ್ಜಿಗಳಿಗೆ ಬೇರೆ ನಿಯಮ ಇದೆಯಾ?

ಉತ್ತರ: ಇದೆ. ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ನನ್ನ ಮನಸ್ಸಿಗೆ ತೀರಾ ಹತ್ತಿರದ ವಿಷಯ.

2006ರ ಭಾಷಾ ಕಾನೂನಿಗೆ ಎಸ್ತರ್ ಮಾರ್ಟಿನೆಜ್ ಅವರ ಹೆಸರಿಟ್ಟಿದ್ದಾರೆ. ಇದೇ ನ್ಯೂ ಮೆಕ್ಸಿಕೋದ ಓಕೆ ಓವಿಂಗೆ ಪ್ವೆಬ್ಲೋ ಎಂಬ ಮೂಲನಿವಾಸಿ ಊರಿನವರು, ತೇವಾ ಭಾಷೆ ಕಲಿಸುತ್ತಾ ಬಾಳು ಸವೆಸಿದ ಹಿರಿಯರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿ ರಾಷ್ಟ್ರೀಯ ಗೌರವ ಪಡೆದು ವಾಪಸ್ ಬಂದವರು, ಮನೆ ಇನ್ನೇನು ಹತ್ತಿರವಿದ್ದಾಗ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಆ ಕಾನೂನು "ಭಾಷಾ ಗೂಡು"ಗಳಿಗೆ ಹಣ ಕೊಡುತ್ತದೆ. ಏಳು ವರ್ಷದೊಳಗಿನ ಮಕ್ಕಳನ್ನು ಪೂರ್ತಿ ತಾಯ್ನುಡಿಯಲ್ಲೇ ಬೆಳೆಸುವ ಶಿಶುವಿಹಾರ ಅನ್ನಿ. ನ್ಯೂಜಿಲೆಂಡಿನ ಮಾವೋರಿಗಳು 1982ರಲ್ಲಿ ಶುರು ಮಾಡಿದ್ದನ್ನು ನೋಡಿ ಹವಾಯಿಯವರು 1984ರಲ್ಲಿ ತಮ್ಮ ಮೊದಲ "ಪೂನನ ಲೆಓ" ತೆರೆದರು. ಹಾಗೆಂದರೆ ದನಿಗಳ ಗೂಡು. ಶಾಲೆಗಳಲ್ಲಿ ಹವಾಯಿ ಮಾಧ್ಯಮದ ಮೇಲೆ 1896ರಿಂದ ಇದ್ದ ಅಡ್ಡಿಯನ್ನು ಕಾನೂನಿನಿಂದ ತೆಗೆದದ್ದು 1986ರಲ್ಲಿ. ಕಾನೂನು ಬದಲಾಗುವ ಮೊದಲೇ ಅಪ್ಪ ಅಮ್ಮಂದಿರು ಗೂಡು ಕಟ್ಟಿಕೊಂಡಿದ್ದರು.

ಈಗ ಅಂಕದ ವಿಷಯ. ಭಾಷಾ ಗೂಡಿನಲ್ಲಿ ಮಗುವಿಗೆ ವರ್ಷಕ್ಕೆ ಸರಾಸರಿ 500 ಗಂಟೆಯಾದರೂ ಸಿಗಬೇಕು. 2019ರ ತಿದ್ದುಪಡಿಯ ನಂತರ ಕನಿಷ್ಠ ಐದು ಮಕ್ಕಳಿದ್ದರೆ ಸಾಕು, ಮೊದಲು ಹತ್ತು ಬೇಕಿತ್ತು. ಅರ್ಜಿಯ ವರ್ಣನೆ ಓದಿ ಕಣ್ಣು ತುಂಬಿ ಬಂದಿರುತ್ತದೆ, ಆದರೂ ವೇಳಾಪಟ್ಟಿಗೆ ಬನ್ನಿ. ದಿನಕ್ಕೆ ಎರಡು ಗಂಟೆ, ವಾರಕ್ಕೆ ನಾಲ್ಕು ದಿನ, 36 ವಾರ ಎಂದಿದ್ದರೆ 288 ಗಂಟೆಯಷ್ಟೇ. ಅದೇ ದಿನಕ್ಕೆ ಮೂರೂವರೆ ಗಂಟೆಯಾದರೆ 504. ಈ ಗುಣಾಕಾರ ಮಾಡುವವರು ಪ್ಯಾನೆಲ್‌ನಲ್ಲಿ ಒಬ್ಬರಾದರೂ ಇರಬೇಕು. ಅನ್ನ ಬೆಂದಿದೆಯೋ ಇಲ್ಲವೋ ತಿಳಿಯಲು ಒಂದು ಅಗುಳು ಸಾಕು ಅನ್ನೋ ಮಾತು ಇಲ್ಲಿ ನಡೆಯುವುದಿಲ್ಲ. ಪ್ರತಿ ಪುಟವನ್ನೂ ಹಿಸುಕಿ ನೋಡಬೇಕು. ಒಂದು ಅರ್ಜಿಗೆ ನನಗೆ ಐದಾರು ಗಂಟೆ ಹಿಡಿಯುತ್ತದೆ.

ಪ್ರಶ್ನೆ (ಸಿಯಾಟಲ್‌ನ ಸದಸ್ಯ): ಅಷ್ಟು ಪುಟ ಅಂದ್ರೆ ಕಷ್ಟ ಆಯ್ತು. ಎಐಗೆ ಹಾಕಿ ಸಾರಾಂಶ ತೆಗೆಸಿ ಓದಬಹುದಲ್ವಾ?

ಉತ್ತರ: ಬೇಡ, ದಯವಿಟ್ಟು ಬೇಡ. ಅರ್ಜಿಯನ್ನು ಹೊರಗಿನ ಸೇವೆಗೆ ಏರಿಸಿದರೆ ಗೋಪ್ಯತೆ ಅಲ್ಲೇ ಮುರಿಯಿತು. ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಎನ್‌ಐಎಚ್ 2023ರಲ್ಲೇ ತನ್ನ ರಿವ್ಯೂವರ್‌ಗಳಿಗೆ ಇದನ್ನು ನಿಷೇಧಿಸಿತು. ಇಲ್ಲಿ ಇನ್ನೂ ಒಂದು ಕಾರಣವಿದೆ. ತಮ್ಮ ಭಾಷೆಯನ್ನು ಎಷ್ಟು ಜನ ಹಿರಿಯರು ಇನ್ನೂ ಮಾತಾಡುತ್ತಾರೆ, ಪವಿತ್ರ ಜಾಗ ಎಲ್ಲಿದೆ, ಯಾವ ಹಾಡನ್ನು ಯಾರು ಹಾಡಬಹುದು, ಇಂಥ ಮಾತುಗಳು ಅರ್ಜಿಯಲ್ಲಿರಬಹುದು. 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ಶುರುವಾದಂಥ ವಸತಿಶಾಲೆಗಳಲ್ಲಿ ಮಕ್ಕಳ ಜುಟ್ಟು ಕತ್ತರಿಸಿ, ತಾಯ್ನುಡಿ ಬಿಡಿಸಿ, ಹೆಸರು ಬದಲಿಸಿದ ಸರ್ಕಾರಕ್ಕೇ ಈಗ ಇದನ್ನೆಲ್ಲ ನಂಬಿ ಬರೆದುಕೊಟ್ಟಿದ್ದಾರೆ. ಆ ನಂಬಿಕೆಯನ್ನು ನಾವು ಕೆಡಿಸಬಾರದು.

ಪ್ರಶ್ನೆ (ಫೀನಿಕ್ಸ್‌ನ ಸದಸ್ಯೆ): ಷರಾ ಬರೆಯೋದು ಹೇಗೆ ಅಕ್ಕಾ? ಅದೇ ಕಷ್ಟ ಅಂತ ಕೇಳಿದ್ದೀನಿ.

ಉತ್ತರ: ಈ ಪ್ರಶ್ನೆಗೇ ಕಾಯುತ್ತಿದ್ದೆ. ಹಣ ಸಿಕ್ಕವರಿಗೆ ಹಣ ಸಿಗುತ್ತದೆ. ಸಿಗದವರ ಕೈಗೆ ಬರುವುದು ನಮ್ಮ ಷರಾ ಮಾತ್ರ. ಮುಂದಿನ ವರ್ಷ ಅವರು ಅದನ್ನೇ ಮುಂದಿಟ್ಟುಕೊಂಡು ಕೂರುತ್ತಾರೆ.

"ಮೌಲ್ಯಮಾಪನ ದುರ್ಬಲವಾಗಿದೆ" ಅಂತ ಬರೆದರೆ ಅವರು ಏನನ್ನು ತಿದ್ದಬೇಕು? ಹೀಗೆ ಬರೆಯಿರಿ: "ಎರಡನೇ ಉದ್ದೇಶದಲ್ಲಿ ಹನ್ನೆರಡು ಮಕ್ಕಳು ದಿನನಿತ್ಯದ ಮಾತು ಕಲಿಯುತ್ತಾರೆ ಎಂದಿದೆ. ಈಗ ಅವರಿಗೆ ಎಷ್ಟು ಬರುತ್ತದೆ ಎಂಬ ಆರಂಭದ ಲೆಕ್ಕ ಕೊಟ್ಟಿಲ್ಲ. ಯಾರು, ಯಾವ ತಿಂಗಳಲ್ಲಿ ಅಳೆಯುತ್ತಾರೆ ಎಂಬುದು 31ನೇ ಪುಟದ ಕೋಷ್ಟಕದಲ್ಲಿಲ್ಲ." ಪುಟ ಸಂಖ್ಯೆ ಬರೆಯುವ ಅಭ್ಯಾಸ ಮಾಡಿಕೊಳ್ಳಿ. ನಿಮಗೂ ಲಾಭ: ಪುಟ ಹುಡುಕಲು ಹೋದಾಗ, ಇಲ್ಲ ಅಂದುಕೊಂಡದ್ದು ಎಷ್ಟೋ ಸಲ ಅಲ್ಲೇ ಸಿಕ್ಕಿಬಿಡುತ್ತದೆ. ಚೆನ್ನಾಗಿದ್ದದ್ದನ್ನೂ ಅಷ್ಟೇ ಬಿಡಿಸಿ ಬರೆಯಿರಿ, ಇಲ್ಲವಾದರೆ ಮುಂದಿನ ಸಲ ಅದನ್ನೇ ಅಳಿಸಿಬಿಟ್ಟಾರು.

"ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ" ಅಂತ ಸಲಹೆ ಕೊಡಬೇಡಿ. ಊರಿನ ಗುರಿ ಆ ಊರು ಇಟ್ಟದ್ದು. ಅದನ್ನು ತಲುಪುವ ದಾರಿ ಕಾಗದದ ಮೇಲೆ ಸ್ಪಷ್ಟವಾಗಿದೆಯೇ ಎಂಬುದಕ್ಕಷ್ಟೇ ಅಂಕ. ನಿಮಗೆ ಬೇರೆಡೆಯಿಂದ ಗೊತ್ತಿರುವ ಸಂಗತಿಯನ್ನು ಸೇರಿಸಿ ಅಂಕ ಹೆಚ್ಚಿಸುವುದೂ ತಪ್ಪು, ಕಡಿಮೆ ಮಾಡುವುದೂ ತಪ್ಪು.

ಪ್ಯಾನೆಲ್‌ನವರೆಲ್ಲ ಸೇರಿ ಚರ್ಚಿಸುವಾಗ ಅಂಕ ಬದಲಿಸಲು ಅವಕಾಶವಿರುತ್ತದೆ. ನಾನು ಒಮ್ಮೆ ಒಂದು ಊರಿನ ಸಲಹಾ ಸಭೆಗಳ ಪಟ್ಟಿ ತೀರಾ ಚಿಕ್ಕದೆಂದು ಅಂಕ ಇಳಿಸಿದ್ದೆ. ನಮ್ಮ ಜೊತೆಗಿದ್ದ ಮೂಲನಿವಾಸಿ ಮಹಿಳೆಯೊಬ್ಬರು ಅದೇ ಅರ್ಜಿಯ ಬೇರೊಂದು ಪುಟ ತೆರೆದು ತೋರಿಸಿದರು. ಚಳಿಗಾಲವಿಡೀ ಮನೆಮನೆಯಲ್ಲಿ ಕೂತು ಮಾತಾಡಿದ್ದು ಅಲ್ಲಿ ದಾಖಲಾಗಿತ್ತು, "ಸಭೆ" ಎಂಬ ಪದ ಮಾತ್ರ ಇರಲಿಲ್ಲ. ನಾನು ಹುಡುಕಿದ್ದು ನನಗೆ ಗೊತ್ತಿದ್ದ ಪದವನ್ನು. ಅಂಕ ಸರಿಪಡಿಸಿದೆ. ಆ ದಿನದಿಂದ ಚರ್ಚೆಯಲ್ಲಿ ಮೊದಲು ಬಾಯಿ ಬಿಡುವುದನ್ನು ನಿಲ್ಲಿಸಿದ್ದೇನೆ.

ಪ್ರಶ್ನೆ (ಸಿಯಾಟಲ್‌ನ ಸದಸ್ಯ): ನನ್ನದು ಎಚ್-1ಬಿ, ಕೆಲಸದ ವೀಸಾ. ಅಂಕ ಹಾಕೋದಕ್ಕೆ ಗೌರವಧನ ತಗೋಬಹುದಾ?

ಉತ್ತರ: ಎಚ್-1ಬಿಯಲ್ಲಿ ಅರ್ಜಿ ಹಾಕಿದ ಉದ್ಯೋಗದಾತರಲ್ಲಿ ಮಾತ್ರ ದುಡಿಯಲು ಅನುಮತಿ. ಹಣ ಬರುವ ಕೆಲಸ ಒಪ್ಪುವ ಮೊದಲು ವಲಸೆ ವಕೀಲರನ್ನು ಕೇಳಿ, ಗುಂಪಿನ ಮಾತು ನಂಬಿ ಹೆಜ್ಜೆ ಇಡಬೇಡಿ.

ಪ್ರಶ್ನೆ (ಹೆಗ್ಗಡದೇವನಕೋಟೆಯಿಂದ): ಮೇಡಂ, ನಾನು ಜೇನುಕುರುಬರ ಹಾಡಿಗಳಲ್ಲಿ ಕೆಲಸ ಮಾಡ್ತೀನಿ. ನಮ್ಮ ಕಡೆಯ ಯೋಜನೆಗಳಿಗೂ ಇದಕ್ಕೂ ಏನು ವ್ಯತ್ಯಾಸ?

ಉತ್ತರ: ಕರ್ನಾಟಕದಲ್ಲಿ ವಿಶೇಷ ದುರ್ಬಲ ಬುಡಕಟ್ಟು ಅಂತ ಗುರುತಿಸಿರುವುದು ಜೇನುಕುರುಬರನ್ನು ಮತ್ತು ಕೊರಗರನ್ನು. ಅಂಥ ಬುಡಕಟ್ಟುಗಳಿಗಾಗಿ ಕೇಂದ್ರ ಸರ್ಕಾರ 2023ರಲ್ಲಿ ತಂದ ಪಿಎಂ ಜನಮನ್ ಯೋಜನೆಯಲ್ಲಿ ಮನೆ, ರಸ್ತೆ, ಕುಡಿಯುವ ನೀರು ಎಂಬ ಪಟ್ಟಿ ಮೇಲಿನಿಂದ ಸಿದ್ಧವಾಗಿ ಬರುತ್ತದೆ. ಎಎನ್‌ಎಯಲ್ಲಿ ಪಟ್ಟಿ ಬರೆಯುವುದು ಸಮುದಾಯ, ಅದರ ಆಡಳಿತ ಮಂಡಳಿಯ ನಿರ್ಣಯವೂ ಜೊತೆಗಿರಬೇಕು. ಮನೆ, ನೀರು ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಭಾಷೆಯ ಬಾಲವಾಡಿ ಬೇಕು ಅಂತ ಹಾಡಿಯವರೇ ಬರೆದರೆ ಅದನ್ನು ಕೂತು ಓದುವ ಒಂದು ಪ್ಯಾನೆಲ್ ಅಲ್ಲೂ ಇರಬೇಕು ಅಂತ ಆಸೆ.

ಪ್ರಶ್ನೆ (ಫೀನಿಕ್ಸ್‌ನ ಸದಸ್ಯೆ): ಕೊನೇ ಪ್ರಶ್ನೆ. ನಮ್ಮ ಸಂಸ್ಥೆ ಇಲ್ಲಿನ ಒಂದು ಬುಡಕಟ್ಟಿನ ಜೊತೆ ಕೆಲಸ ಮಾಡುತ್ತೆ. ಅವರ ಅರ್ಜಿ ನನ್ನ ಪಾಲಿಗೇ ಬಂದ್ರೆ?

ಉತ್ತರ: ಹೆಸರು ಕಂಡ ಕೂಡಲೇ ಫೈಲು ಮುಚ್ಚಿ ಪ್ಯಾನೆಲ್‌ನ ಅಧ್ಯಕ್ಷರಿಗೆ ಬರೆಯಿರಿ. ಅರ್ಧ ಓದಿದ ಮೇಲಲ್ಲ, ಆಗಲೇ. ಅದನ್ನು ಬೇರೆಯವರಿಗೆ ಕೊಡುತ್ತಾರೆ. ಈಗಲೇ ನಿಮ್ಮ ಸಂಸ್ಥೆ ಕಳೆದ ಕೆಲವು ವರ್ಷಗಳಲ್ಲಿ ಯಾರ ಯಾರ ಜೊತೆ ಹಣದ ವ್ಯವಹಾರ ಇಟ್ಟುಕೊಂಡಿತ್ತು ಎಂಬ ಪಟ್ಟಿ ಮಾಡಿಟ್ಟುಕೊಳ್ಳಿ. ಹೆಸರು ಕೊಡುವಾಗ ಅದನ್ನೇ ಕೇಳುತ್ತಾರೆ.