ಈಸ್ಟರ್ ಜಾಗರಣೆ: ಹೊಗೆಯಿಲ್ಲದ ಹೊಸ ಬೆಂಕಿ ಹೇಗೆ?

ಪ್ರಶ್ನೆ: ಪುಟ್ಟ ಎಪಿಸ್ಕೋಪಲ್ (ಅಮೆರಿಕದ ಆಂಗ್ಲಿಕನ್ ಪಂಗಡ) ಚರ್ಚು. ಈಸ್ಟರ್ ಹಿಂದಿನ ಶನಿವಾರ ರಾತ್ರಿ ಜಾಗರಣೆ ಶುರುಮಾಡೋ ಹೊಸ ಬೆಂಕಿಯನ್ನು ಬಾಗಿಲ ಹತ್ತಿರ ಹೊಗೆಯಾಗದಂತೆ ಹಚ್ಚೋದು ಹೇಗೆ? ಆ ಪ್ರಾರ್ಥನೆಯ ಒಂಬತ್ತೂ ಬೈಬಲ್ ಪಾಠ ಓದಲೇಬೇಕಾ?

ಉತ್ತರ 1: ಎರಕದ ಕಬ್ಬಿಣದ ಬಾಣಲೆಗೆ ಒಂದು ಕಪ್ ಎಪ್ಸಮ್ ಉಪ್ಪು (ಮೆಗ್ನೀಸಿಯಮ್ ಸಲ್ಫೇಟ್), ಅದು ನೆನೆಯುವಷ್ಟೇ 91% ಐಸೊಪ್ರೊಪೈಲ್ ಆಲ್ಕೋಹಾಲ್. ಕೆಳಗೆ ಇಟ್ಟಿಗೆ, ಪಕ್ಕದಲ್ಲಿ ಮುಚ್ಚಳ. ಉದ್ದ ಕಡ್ಡಿಯಿಂದ ಹಚ್ಚಿ. ಆರಿತು ಅಂತ ಮತ್ತೆ ಸುರಿಯಲೇಬೇಡಿ. ಸಣ್ಣ ನೀಲಿ ಜ್ವಾಲೆ ಕಣ್ಣಿಗೆ ಬೀಳಲ್ಲ, ಬಾಟಲಿಗೇ ಹತ್ತುತ್ತೆ.

ಉತ್ತರ 2: ಎಪಿಸ್ಕೋಪಲ್ ಚರ್ಚಿನ 1979ರ ಪ್ರಾರ್ಥನಾ ಪುಸ್ತಕದ ಪ್ರಕಾರ ಎರಡು ಪಾಠ ಸಾಕು. ವಿಮೋಚನಕಾಂಡದ್ದು ಮಾತ್ರ ಬಿಡೋ ಹಾಗಿಲ್ಲ. ನನ್ನ ಓಟು ನಾಲ್ಕಕ್ಕೆ.

ಉತ್ತರ 3: ಒಬ್ಬರ ಮೊಂಬತ್ತಿಯಿಂದ ಇನ್ನೊಬ್ಬರು ಹಚ್ಚಿಕೊಳ್ಳುವಾಗ ಉರಿಯೋದು ನೆಟ್ಟಗಿರಲಿ, ಉರಿಯದ್ದನ್ನು ಬಗ್ಗಿಸಿ. ಎಲ್ಲರೂ ಉಲ್ಟಾ ಮಾಡ್ತಾರೆ, ಮೇಣ ಕಾರ್ಪೆಟ್ಟಿಗೆ! ಬಿದ್ದರೆ ಐಸ್ ಇಟ್ಟು ಕೆರೆದು, ಕಂದು ಕಾಗದ ಹಾಸಿ ಹದವಾಗಿ ಇಸ್ತ್ರಿ ಹಾಯಿಸಿ.