ಸೆಸ್ನಾ ರೆಕ್ಕೆಯಡಿ ಬಿಳಿ ಪುಡಿ: ಉಜ್ಜಿ ಬಣ್ಣ ಬಳಿದರೆ ಸಾಕೇ?

ಪ್ರಶ್ನೆ: ನಮಸ್ಕಾರ ಸರ್. ಫ್ಲಾರಿಡಾದ ಕರಾವಳಿಯಲ್ಲಿ ನಾವು ಮೂವರು ಗೆಳೆಯರು ಸೇರಿ 1975ರ ಸೆಸ್ನಾ 172 ಎಂಬ ಪುಟ್ಟ ವಿಮಾನ ಕೊಂಡು ಎರಡು ವರ್ಷವಾಯಿತು. ಹ್ಯಾಂಗರ್ ಬಾಡಿಗೆ ದುಬಾರಿಯಾದ್ದರಿಂದ ವಿಮಾನ ಬಯಲಲ್ಲೇ ನಿಲ್ಲುತ್ತದೆ. ರೆಕ್ಕೆಯಡಿಯಲ್ಲಿ ರಿವೆಟ್‌ಗಳ ಸುತ್ತ ಬಣ್ಣ ಉಬ್ಬಿದೆ, ಕೆರೆದರೆ ಬಿಳಿ ಪುಡಿ ಉದುರುತ್ತದೆ. ಅಲ್ಯೂಮಿನಿಯಂಗೆ ತುಕ್ಕು ಹಿಡಿಯುವುದಿಲ್ಲ ಎಂದು ಕೇಳಿದ್ದೆ. ಪಾತ್ರೆ ತಿಕ್ಕುವ ಉಕ್ಕಿನ ನಾರಿನಿಂದ ಉಜ್ಜಿ ಬಣ್ಣ ಬಳಿದರೆ ಸಾಕೇ?

ಉತ್ತರ: ಮೊದಲು ಆ ಉಕ್ಕಿನ ನಾರನ್ನು ಅಡುಗೆಮನೆಗೆ ಹಿಂದಿರುಗಿಸಿ. ಅದರ ಚೂರುಗಳು ಅಲ್ಯೂಮಿನಿಯಂನಲ್ಲಿ ಹೂತುಕೊಂಡು, ತೇವ ತಾಕಿದೊಡನೆ ಒಂದೊಂದೂ ಪುಟ್ಟ ಬ್ಯಾಟರಿಯಂತೆ ಕೆಲಸ ಮಾಡಿ ಹೊಸ ತುಕ್ಕನ್ನು ಹುಟ್ಟಿಸುತ್ತವೆ.

ತುಕ್ಕೆಂದರೆ ಕೆಂಪು ಎಂಬುದು ಕಬ್ಬಿಣದ ಮಾತು. ತಾಮ್ರದ್ದು ಹಸಿರು ಕಿಲುಬು, ಅಲ್ಯೂಮಿನಿಯಂನದು ಬಿಳಿ ಅಥವಾ ಬೂದು ಪುಡಿ. ಬಣ್ಣದಡಿ ಎಲೆಯನ್ನು ಹುಳು ಕೊರೆದಂಥ ಗೆರೆಗಳಿದ್ದರೆ ಅದು ಬಹುಮಟ್ಟಿಗೆ ಮೇಲ್ಪದರದ ಕಾಯಿಲೆ. ಆದರೆ ಲೋಹವೇ ಚಿರೋಟಿಯಂತೆ ಪದರ ಪದರವಾಗಿ ಎದ್ದಿದ್ದರೆ ಹಾರಾಟ ನಿಲ್ಲಿಸಿ, ಪರವಾನಗಿ ಇರುವ ಮೆಕ್ಯಾನಿಕ್‌ರನ್ನು ಕರೆಸಿ.

ನಿಮ್ಮ ವಿಮಾನದ ಹೊರತಗಡು ಗಟ್ಟಿ ಮಿಶ್ರಲೋಹ. ಅದರ ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಂ ಕವಚವಿರುತ್ತದೆ. 0.8 ಮಿ.ಮೀ. ತಗಡಿನಲ್ಲಿ ಆ ಕವಚ ಒಂದೊಂದು ಬದಿಗೆ ಸುಮಾರು 0.04 ಮಿ.ಮೀ. ಮಾತ್ರ. ಹೊಳೆಯುವವರೆಗೆ ಉಜ್ಜುತ್ತೇನೆಂದು ಹೊರಟವರು ಮೊದಲು ಕಳೆಯುವುದು ಅದನ್ನೇ. ಬಣ್ಣ ತೆಗೆದು, ನೈಲಾನ್ ಉಜ್ಜುಗದಿಂದ ಅಥವಾ ಅಲ್ಯೂಮಿನಿಯಂ ಆಕ್ಸೈಡ್‌ನ ನಯವಾದ ಉಪ್ಪುಕಾಗದದಿಂದ ಪುಡಿ ಹೋಗುವಷ್ಟೇ ಉಜ್ಜಬೇಕು. ಉಳಿದ ದಪ್ಪವನ್ನು ಮೆಕ್ಯಾನಿಕ್ ಅಳೆದು, ಮಿತಿಯೊಳಗಿದೆ ಎಂದ ಮೇಲೆ ಫಾಸ್ಫಾರಿಕ್ ಆಮ್ಲದ ದ್ರಾವಣದಿಂದ ತೊಳೆದು, ತುಕ್ಕು ತಡೆದು ಬಣ್ಣ ಕಚ್ಚುವಂತೆ ಮಾಡುವ ಅಲೋಡೈನ್ ಎಂಬ ರಾಸಾಯನಿಕ ಹಚ್ಚಿ, ನಂತರ ಎಪಾಕ್ಸಿ ಪ್ರೈಮರ್. ಕ್ರೋಮಿಯಂ ಇರುವ ಅಲೋಡೈನ್ ವಿಷ. ಕೈಗವಸು, ಕನ್ನಡಕ ತಪ್ಪಿಸಬೇಡಿ.

ಪ್ರಶ್ನೆ: ಹೊರಗಷ್ಟೇ ಇದೆ ಸರ್. ಒಳಗೂ ನೋಡಲೇಬೇಕೇ? ಬಿಚ್ಚಿಸುವ ಖರ್ಚು ನೆನೆದರೆ ಭಯ.

ಉತ್ತರ: ನೋಡಲೇಬೇಕು. 2019ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಮೌಂಟ್ ಐಸಾ ಬಳಿ ಸರ್ವೇ ನಡೆಸುತ್ತಿದ್ದ ಸೆಸ್ನಾ 210ರ ರೆಕ್ಕೆ ಹಾರಾಟದಲ್ಲೇ ಕಳಚಿ ಇಬ್ಬರು ಸತ್ತರು. ಎರಡೂ ರೆಕ್ಕೆಗಳನ್ನು ಹೊರುವ ಅಡ್ಡತೊಲೆಯಲ್ಲಿ ತುಕ್ಕು ತಿಂದ ಸಣ್ಣ ಗುಳಿಯಿಂದ ಬಿರುಕು ಹೊರಟಿತ್ತು. ನಿಮ್ಮ 172ರ ರೆಕ್ಕೆಗೆ ಆಸರೆ ಕಂಬವಿದೆ, ರಚನೆ ಬೇರೆ. ಆದರೆ ಕಾಣದ ಜಾಗದ ಗುಳಿ ಅಲ್ಲೂ ಗುಳಿಯೇ. ರೆಕ್ಕೆಯ ತನಿಖಾ ಮುಚ್ಚಳಗಳು, ಸೀಟಿನ ಹಳಿ, ಬ್ಯಾಟರಿ ಪೆಟ್ಟಿಗೆ, ಹೊಗೆಕೊಳವೆಯ ಮಸಿ ಹಾಯುವ ಹೊಟ್ಟೆಭಾಗ, ಇಷ್ಟನ್ನು ಈ ವಾರವೇ ತೆರೆಸಿ.

ವೇದಿಕೆಯ ಮತ್ತೊಬ್ಬ ಸದಸ್ಯರ ಪ್ರಶ್ನೆ: ವಾರಕ್ಕೊಮ್ಮೆ ನಿಂತಲ್ಲೇ ಐದು ನಿಮಿಷ ಎಂಜಿನ್ ಓಡಿಸುತ್ತೇನೆ. ಅದಕ್ಕಾದರೂ ತುಕ್ಕು ಬಾರದಲ್ಲವೇ?

ಉತ್ತರ: ಅದು ಉಪಕಾರವಲ್ಲ, ಅಪಕಾರ. ಐದು ನಿಮಿಷದಲ್ಲಿ ಎಣ್ಣೆ ಕಾಯುವುದಿಲ್ಲ, ಉರಿದ ಇಂಧನದ ನೀರಾವಿ ಒಳಗೇ ಉಳಿಯುತ್ತದೆ. ತಿಂಗಳಿಗೊಮ್ಮೆಯಾದರೂ ಒಂದು ಗಂಟೆ ಹಾರಿ, ಎಣ್ಣೆ ಚೆನ್ನಾಗಿ ಕಾಯಲಿ.

ಮೊದಲ ಪ್ರಶ್ನೆ ಕೇಳಿದವರು (ಐದು ದಿನದ ನಂತರ): ಮುಚ್ಚಳ ತೆಗೆಸಿದೆವು ಸರ್. ರೆಕ್ಕೆಯೊಳಗೆ ಇಲಿಯ ಗೂಡು!

ಉತ್ತರ: ಹಾಗಿದ್ದರೆ ಅಪರಾಧಿ ಸಮುದ್ರವೊಂದೇ ಅಲ್ಲ. ಇಲಿಯ ಮೂತ್ರ ಅಲ್ಯೂಮಿನಿಯಂ ಅನ್ನು ಚೆನ್ನಾಗಿ ತಿನ್ನುತ್ತದೆ. ಗೂಡನ್ನು ಮಾಸ್ಕ್ ಹಾಕಿಕೊಂಡೇ, ಒದ್ದೆ ಮಾಡಿ ತೆಗೆಯಿರಿ. ತೊಳೆದು, ಒಣಗಿಸಿ, ಗುಳಿಗಳನ್ನು ಮೆಕ್ಯಾನಿಕ್ ಪರೀಕ್ಷಿಸಲಿ. ನಂತರ ಎಸಿಎಫ್-50ಯಂಥ ತುಕ್ಕುತಡೆ ಎಣ್ಣೆ ಸಿಂಪಡಿಸಿ. ಮುಖ್ಯ ರಚನೆ ಬಿಚ್ಚಬೇಕಿಲ್ಲದಿದ್ದರೆ ಅಮೆರಿಕದ ನಿಯಮದಂತೆ ಪೈಲಟ್ ಆದ ಮಾಲೀಕರೇ ಈ ಸಿಂಪಡಣೆ ಮಾಡಬಹುದು. ಕೆಲವು ದಿನ ರಿವೆಟ್‌ಗಳಿಂದ ಎಣ್ಣೆ ಸೋರುತ್ತದೆ, ಗಾಬರಿ ಬೇಡ. ನೀರು ಬಸಿಯುವ ತೂತುಗಳಲ್ಲಿ ಗೂಡಿನ ಹುಲ್ಲು ಸಿಕ್ಕಿರಬಹುದು, ಒಂದೊಂದನ್ನೂ ಬಿಡಿಸಿ.